ನಾಲ್ಕನೆಯ ಗೈರು

ಬೆಳಿಗ್ಗೆ ಎದ್ದವಳೇ ಲೋರ್ನಾ ಕಂಗಾಸ್ ಕಿಟಕಿಯ ಪರದೆ ಸರಿಸಿ, ಹಿಮ ಇನ್ನಷ್ಟು ಬೀಳಲಪ್ಪಾ ಎಂದು ಬೇಡಿಕೊಂಡಳು. ಮಿಷಿಗನ್ನಿನ ಆ ಉತ್ತರದ ಮೂಲೆಯಲ್ಲಿ ರಜೆ ಸಿಗಲೆಂದು ಹಾಗೆ ಬೇಡಿಕೊಳ್ಳುವವರು ಶಾಲೆಯ ಮಕ್ಕಳು ಮಾತ್ರ. ಊರಿನ ಕಾಲೇಜಿನಲ್ಲಿ ಗಣಿತ ಹೇಳುತ್ತಲೇ ತಲೆ ನರೆತ ಈ ಹೆಂಗಸಿಗೆ ಅಂಥ ಆಸೆ ಹುಟ್ಟಿದ್ದು ವೇಡ್ ಟೆರ್ವೊ ದೆಸೆಯಿಂದ.

ವೇಡ್ ಅವಳ ತರಗತಿಗೇ ಚುರುಕು. ಹೊಟ್ಟೆಪಾಡಿಗೆ ರಸ್ತೆಯ ಹಿಮ ಗೋರುವ ಲಾರಿ ಓಡಿಸುತ್ತಾನೆ. ಹಿಮ ಸುರಿದ ದಿನ ಅವನಿಗೆ ಕಾಲೇಜು ಇಲ್ಲ. ಹಾಗೆ ಮೂರು ಸಲ ತಪ್ಪಿಸಿಕೊಂಡಾಗಿತ್ತು. ನಾಲ್ಕನೆಯ ಗೈರಾದರೆ ನಪಾಸು. ಈ ಗಣಿತ ಪಾಸಾಗದೆ ಸರ್ವೇಯರ್ ಕೋರ್ಸಿಗೆ ಸೀಟಿಲ್ಲ.

ನಿಯಮ ಮಾಡಿದವಳು ಲೋರ್ನಾನೇ. ಹೋದ ವರ್ಷ ಅಳುತ್ತಾ ಬಂದ ಹುಡುಗಿಯೊಬ್ಬಳಿಗೆ ಒಂದು ಗೈರು ಮಾಫಿ ಮಾಡಿದ್ದಕ್ಕೆ ಉಳಿದವರು ಡೀನ್ ಬಳಿ ದೂರು ಒಯ್ದಿದ್ದರು. ಕೈ ಸುಟ್ಟುಕೊಂಡವಳು ಈ ಸಲ ಮೊದಲ ದಿನ ಹಂಚುವ ಹಾಳೆಯಲ್ಲೇ 'ಯಾವ ಕಾರಣಕ್ಕೂ ವಿನಾಯಿತಿಯಿಲ್ಲ' ಎಂದು ದಪ್ಪಕ್ಷರದಲ್ಲಿ ಹಾಕಿಸಿದಳು. ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದಳು. ಸಡಿಲಿಸಬಹುದೇ ಎಂದು ವಿಭಾಗದ ಮುಖ್ಯಸ್ಥ ಗೆರಾಲ್ಡ್ ಪ್ರಸ್ಟ್‌ನನ್ನು ಕೇಳಿಯೂ ನೋಡಿದಳು.

"ಅದನ್ನ ಬರ್ದಿದ್ದು ಯಾರು ತಾಯಿ, ನಾನಾ?" ಎಂದ ಅವನು ಕಾಫಿ ಕಲಕುತ್ತಾ. "ಕೊಟ್ಟ ಮಾತು ಮಧ್ಯದಲ್ಲಿ ಬದಲಾಯ್ಸಿದ್ರೆ ಎಲ್ರೂ ಬಂದು ನನ್ ತಲೆ ತಿಂತಾರೆ. ನಿಂಗೆ ಮುಂದಿನ ಟರ್ಮಿಗೆ ಕ್ಲಾಸು ಬೇಕೋ ಬೇಡ್ವೋ?"

ಪ್ರತಿ ಟರ್ಮಿಗೂ ಹೊಸದಾಗಿ ಕರೆಸಿಕೊಳ್ಳಬೇಕಾದ ಕೆಲಸ ಅವಳದು. ಈ ಪ್ರಶ್ನೆಗೆ ಅವಳು ಯಾವತ್ತೂ ಎದುರಾಡಿದವಳಲ್ಲ.

ಉಳಿದದ್ದು ಒಂದೇ ದಾರಿ. ರಸ್ತೆ ಮುಚ್ಚಿ ಪಾಠ ಮಾಡುವವರೇ ಬರಲಾಗದಿದ್ದರೆ ತರಗತಿ ನಡೆದಂತಲ್ಲ; ಹಾಜರಿಯೂ ಇಲ್ಲ, ಗೈರೂ ಇಲ್ಲ. ಅವಳ ಮನೆ ಊರಾಚೆಯ ದಿಬ್ಬದ ಮೇಲಿತ್ತು. ಎಲ್ಲರ ಬೀದಿ ಮುಗಿಸಿ ಲಾರಿ ಅಲ್ಲಿಗೆ ಬರುವ ಹೊತ್ತಿಗೆ ತರಗತಿಯ ವೇಳೆ ಮೀರಿ ಮಧ್ಯಾಹ್ನವಾಗುತ್ತಿತ್ತು. ಕಾರು ಅರ್ಧ ಹೂತುಹೋಗಿತ್ತು. ಎಷ್ಟೋ ದಿನದ ಮೇಲೆ ಉಸಿರು ಹಗುರವಾಗಿ, ಬರಲಾಗುವುದಿಲ್ಲವೆಂದು ತಿಳಿಸಲು ಲೋರ್ನಾ ಫೋನ್ ಎತ್ತಿಕೊಂಡಳು.

ಆಗ ಗರಗರ ಸದ್ದಾಯಿತು. ಹಳದಿ ದೀಪ ಗೋಡೆಯ ಮೇಲೆ ಸುತ್ತತೊಡಗಿತು. ಲಾರಿ ರಸ್ತೆಯನ್ನಷ್ಟೇ ಅಲ್ಲ, ಅವಳ ಕಾರಿನ ಬುಡದವರೆಗೂ ಹಿಮ ಬಳಿದು ನಿಂತಿತು. ಅದರಿಂದ ಇಳಿದವನು ವೇಡ್.

"ಮಿಸೆಸ್ ಕಂಗಾಸ್, ಇವತ್ತು ನಿಮ್ ರಸ್ತೇನೇ ಮೊದ್ಲು ಮಾಡ್ದೆ," ಎಂದ ಬಾಗಿಲಲ್ಲಿ ನಿಂತು. "ನಂಗಂತೂ ಬರಕ್ಕಾಗಲ್ಲ. ಉಳಿದೋರಿಗಾದ್ರೂ ಪಾಠ ತಪ್ಪಬಾರ್ದಲ್ಲ."

"ಇದು ನಾಲ್ಕನೇದು, ವೇಡ್."

"ಗೊತ್ತು. ಹಾಳೇಲಿ ಬರ್ದಿದ್ರಲ್ಲ." ಅವನ ದನಿಯಲ್ಲಿ ಸಿಟ್ಟೇ ಇರಲಿಲ್ಲ. ಇದ್ದಿದ್ದರೆ ಅವಳಿಗೆ ಎಷ್ಟೋ ವಾಸಿಯಿತ್ತು.

ಅವಳು ಹೊತ್ತಿಗೆ ಸರಿಯಾಗಿ ತರಗತಿಯಲ್ಲಿದ್ದಳು. ಒಂದೊಂದೇ ಹೆಸರು ಕೂಗಿದಳು. ಟೆರ್ವೊ ಎಂದಾಗ ಯಾರೂ ಓಗೊಡಲಿಲ್ಲ. ತಲೆ ತಗ್ಗಿಸಿ ಗುರುತು ಹಾಕಿದಳು. ಅಷ್ಟು ಹಿಮದಲ್ಲಿ ಬಂದರೂ ಅವಳ ಬೂಟು ಒಣಗಿಯೇ ಇತ್ತು.