ಹಸಿರು ಇಂಕಿನಲ್ಲಿ ಸುತ್ತಿದ ಎಚ್‌ಡಿಎಲ್

2022ರಲ್ಲಿ ನಾನು ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಬಯೋಕೆಮಿಸ್ಟ್ ಆಗಿದ್ದೆ. ರಕ್ತಪರೀಕ್ಷೆಯ ವರದಿಗಳನ್ನು ನೋಡಿ ಸಹಿ ಹಾಕುವುದು ನನ್ನ ಕೆಲಸ. ಸಹಿಯ ಜೊತೆ ಇನ್ನೊಂದು ಅಭ್ಯಾಸವಿತ್ತು. ಅದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮಿತಿ ಮೀರಿದ ಯಾವುದೇ ಸಂಖ್ಯೆಯನ್ನು ನಮ್ಮ ಪ್ರಿಂಟರ್ ದಪ್ಪ ಅಕ್ಷರದಲ್ಲಿ ಮುದ್ರಿಸುತ್ತಿತ್ತು. ‘ಒಳ್ಳೆಯ ಕೊಲೆಸ್ಟ್ರಾಲ್’ ಎಂದು ಹೆಸರಾದ ಎಚ್‌ಡಿಎಲ್ ಹೆಚ್ಚಿದ್ದರೂ ಹಾಗೆಯೇ. ದಪ್ಪ ಅಕ್ಷರ ಕಂಡವರು ಗಾಬರಿಯಿಂದ ಕೌಂಟರಿಗೆ ಬರುತ್ತಿದ್ದರು. ಅವರಿಗೆ ಸಮಾಧಾನವಾಗಲಿ ಎಂದು ಆ ಸಂಖ್ಯೆಗೆ ಹಸಿರು ಇಂಕಿನಲ್ಲಿ ಸುತ್ತು ಹಾಕಿ, ಪಕ್ಕದಲ್ಲಿ ‘ಬಹಳ ಒಳ್ಳೆಯದು’ ಎಂದು ಬರೆಯತೊಡಗಿದೆ. ವಿಚಾರಿಸಲು ಬರುವವರು ಕಡಿಮೆಯಾದರು. ನನಗೂ ಕೆಲಸ ಹಗುರವಾಯಿತು.

ಆ ಜುಲೈಯಲ್ಲಿ ಮಹದೇವಸ್ವಾಮಿ ಎಂಬುವರು ಬಂದರು. ವಯಸ್ಸು 46, ಮೈಸೂರಿನದೇ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಲೇತ್ ಆಪರೇಟರ್. ಆಷಾಢ ಶುಕ್ರವಾರ ಬೆಟ್ಟದ ಮೆಟ್ಟಿಲು ಹತ್ತುವಾಗ ಎದೆ ಬಿಗಿದು ಅರ್ಧದಲ್ಲೇ ಕೂತಿದ್ದರು. ವೈದ್ಯರು ರಕ್ತಪರೀಕ್ಷೆ ಮತ್ತು ಟಿಎಂಟಿ ಬರೆದಿದ್ದರು. ಓಡುವ ಪಟ್ಟಿಯ ಮೇಲೆ ನಡೆಸುತ್ತಾ ಹೃದಯದ ಬಡಿತ ದಾಖಲಿಸುವ ಪರೀಕ್ಷೆ ಟಿಎಂಟಿ. ಅವರನ್ನು ಒತ್ತಾಯ ಮಾಡಿ ಕರೆತಂದವರು ಹೆಂಡತಿ ರತ್ನಮ್ಮ.

ರಕ್ತದ ವರದಿ ಮೊದಲು ಬಂತು. ಎಚ್‌ಡಿಎಲ್ 96, ಮಿತಿಗಿಂತ ಬಹಳ ಹೆಚ್ಚು. ಉಳಿದ ಸಂಖ್ಯೆಗಳು ಮಿತಿಯೊಳಗಿದ್ದವು. ನಾನು ಎಂದಿನಂತೆ ಸುತ್ತು ಹಾಕಿ, ‘ಬಹಳ ಒಳ್ಳೆಯದು’ ಎಂದು ಬರೆದು ಕೊಟ್ಟೆ.

“ನೋಡೇ ರತ್ನಾ, ಹಸಿರು ಇಂಕು! ಗೆಜೆಟೆಡ್ ಆಫೀಸರ್ರೇ ಪಾಸ್ ಮಾಡವ್ರೆ.”

“ತಮಾಸೆ ಸಾಕು. ಆ ಟಿಎಂಟಿನೂ ಮುಗಿಸ್ಕೊಂಡೇ ಓಗಣ ಬನ್ನಿ.”

“ಯಾಕೆ? ಮೇಡಮ್ಮೋರೇ ಬರ್ದವ್ರಲ್ಲ. ಅದು ಗ್ಯಾಸು ಕಣೇ.”

ರತ್ನಮ್ಮ ನನ್ನ ಕಡೆ ತಿರುಗಿದರು. “ಚೆನ್ನಾಗೈತಾ ಮೇಡಂ?”

“ಹೌದು, ಎಚ್‌ಡಿಎಲ್ ತುಂಬಾ ಚೆನ್ನಾಗಿದೆ” ಎಂದೆ. ಟಿಎಂಟಿ ಮಾಡಿಸದೆ ಇಬ್ಬರೂ ಮನೆಗೆ ಹೋದರು.

ಐದು ವಾರಗಳ ನಂತರ, ಬೆಳಗಿನ ಪಾಳಿಗೆ ಹೋಗುವ ಕಂಪನಿ ಬಸ್ಸಿನಲ್ಲಿ ಮಹದೇವಸ್ವಾಮಿ ಕುಸಿದರು. ಆಸ್ಪತ್ರೆ ತಲುಪುವ ಮೊದಲೇ ಜೀವ ಹೋಗಿತ್ತು. ಹೃದಯಾಘಾತ.

ತಿಥಿ ಮುಗಿಸಿ ರತ್ನಮ್ಮ ಪ್ರಯೋಗಾಲಯಕ್ಕೆ ಬಂದರು. ಕೈಯಲ್ಲಿ ಅದೇ ವರದಿ.

“ಇದು ತಪ್ಪಾ ಸರಿಯಾ, ಅಷ್ಟು ಹೇಳ್ಬುಡಿ. ಟೆಸ್ಟ್ ಮಾಡಿಸ್ದೆ ಕರ್ಕಂಡ್ ಬಂದ್ಬುಟ್ಳು, ನನ್ ಮಗನ್ನ ತಿಂದ್ಕಂಡ್ಳು ಅಂತಾರೆ ನಮ್ಮತ್ತೆ. ದಿನಾ ಅಂತಾರೆ.”

“ಸಂಖ್ಯೆ ಸರಿ. ನಾನು ಹಾಕಿದ ಸುತ್ತು ತಪ್ಪು” ಎಂದೆ. ಕೂರಿಸಿ ವಿವರಿಸಿದೆ.

ಎಚ್‌ಡಿಎಲ್ ಎಂದರೆ ರಕ್ತದಲ್ಲಿ ತಿರುಗುವ ಕಣಗಳು. ರಕ್ತನಾಳದ ಗೋಡೆಯ ಜೀವಕೋಶಗಳಲ್ಲಿ ಕೂಡಿಕೊಂಡ ಕೊಲೆಸ್ಟ್ರಾಲನ್ನು ಹೊತ್ತು ಹೊರಗೆ ಸಾಗಿಸುವುದು ಅವುಗಳ ಕೆಲಸ. ಎಲ್ಲ ಕಣಗಳ ಗಾತ್ರವೂ ಒಂದೇ ಅಲ್ಲ. ಜೀವಕೋಶದ ಹೊರಪದರದಲ್ಲಿ ಎಬಿಸಿಎ1 ಎಂಬ ಪ್ರೋಟೀನು ಬಾಗಿಲಿನಂತಿರುತ್ತದೆ. ಅಲ್ಲಿಂದ ಕೊಲೆಸ್ಟ್ರಾಲನ್ನು ಚುರುಕಾಗಿ ಎತ್ತಿಕೊಳ್ಳುವುದು ಸಣ್ಣ ಕಣಗಳು. ತುಂಬಿಕೊಂಡು ದೊಡ್ಡದಾದ ಕಣ ಆ ಬಾಗಿಲಲ್ಲಿ ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ನಮ್ಮ ಪರೀಕ್ಷೆ ಹೇಳುವುದು ಎಲ್ಲ ಕಣಗಳೊಳಗಿನ ಕೊಲೆಸ್ಟ್ರಾಲಿನ ಒಟ್ಟು ಮೊತ್ತವನ್ನು ಮಾತ್ರ. ಕಣಗಳ ಗಾತ್ರವಾಗಲಿ, ಅವು ಎಷ್ಟು ಎತ್ತುತ್ತಿವೆ ಎಂಬುದಾಗಲಿ ಅದರಿಂದ ತಿಳಿಯುವುದಿಲ್ಲ. 96 ಎಂಬ ಸಂಖ್ಯೆ ನೋಡಿ ಹೃದಯ ಚೆನ್ನಾಗಿದೆ ಎನ್ನಲಾಗದು.

ರತ್ನಮ್ಮ ವರದಿಯ ಹಸಿರು ಸುತ್ತಿನ ಮೇಲೆ ಬೆರಳಿಟ್ಟರು. “ಅಂದ್ರೆ ತುಂಬಿದ ಬಸ್ಸು ಸ್ಟಾಪಲ್ಲಿ ನಿಲ್ಸಾಕಿಲ್ಲ, ಅಂಗಾ?”

“ಹೆಚ್ಚುಕಡಿಮೆ ಹಾಗೇ. ನಾವು ಎಣಿಸಿದ್ದು ಒಳಗೆ ಕೂತವರನ್ನು.”

ಅವರ ಗಂಡನ ಕಣಗಳ ಗಾತ್ರವನ್ನು ಯಾರೂ ಅಳೆದಿರಲಿಲ್ಲ. ಆ ಪರೀಕ್ಷೆ ನಮ್ಮಲ್ಲಿ ಇರಲೂ ಇಲ್ಲ. ಟಿಎಂಟಿ ಮಾಡಿಸಿದ್ದರೆ ಬದುಕುತ್ತಿದ್ದರು ಎಂದೂ ಖಚಿತವಾಗಿ ಹೇಳಲಾರೆ. ಇದಿಷ್ಟನ್ನೂ ಹೇಳಿದೆ.

“ಇದನ್ನ ಬರ್ದುಕೊಡಿ” ಎಂದರು.

ವಿಷಯ ತಿಳಿದು ಆಸ್ಪತ್ರೆಯ ವ್ಯವಸ್ಥಾಪಕರು ನನ್ನನ್ನು ಒಳಗೆ ಕರೆದರು. “ಬಾಯಲ್ಲಿ ಏನ್ ಬೇಕಾದ್ರೂ ಹೇಳಿ ಮೇಡಂ, ಪೇಪರ್ ಮೇಲೆ ಬೇಡ. ನಾಳೆ ಕೋರ್ಟಿಗೆ ಹೋದ್ರೆ?”

ಆದರೂ ನಾನು ಆಸ್ಪತ್ರೆಯ ಹೆಸರಿಲ್ಲದ ಬಿಳಿ ಹಾಳೆಯ ಮೇಲೆ ನಾಲ್ಕು ಸಾಲು ಬರೆದೆ. ಹೆಂಡತಿ ಟಿಎಂಟಿಗೆ ಒತ್ತಾಯಿಸಿದ್ದರು. ನನ್ನ ಗುರುತು ಮತ್ತು ನನ್ನ ಮಾತಿನಿಂದ ಪರೀಕ್ಷೆ ನಿಂತಿತು. ಕೆಳಗೆ ಸಹಿ, ದಿನಾಂಕ.

ರತ್ನಮ್ಮ ಎರಡು ಸಲ ಓದಿದರು. “ಅತ್ತೆಗೆ ಓದಕ್ ಬರಲ್ಲ ಮೇಡಂ. ನಾನೇ ಓದಿ ಹೇಳಿದ್ರೆ ನಂಬ್ತಾರಾ?”

ಆ ಭಾನುವಾರ ಅವರ ಮನೆಗೆ ಹೋಗಿ ನಾನೇ ಓದಿದೆ. ಹಾಸಿಗೆಯಲ್ಲಿದ್ದ ಮುದುಕಿ ಕೊನೆಯವರೆಗೂ ಕೇಳಿದರು.

“ಒಳ್ಳೇದು ಅಂತ ಬರ್ದೋಳು ನೀನೇನವ್ವ?”

“ಹೌದಮ್ಮ, ನಾನೇ.”

ಅವರು ಗೋಡೆಯ ಕಡೆ ಹೊರಳಿ ಮಲಗಿದರು. ನನ್ನನ್ನು ಬೈಯಲಿಲ್ಲ. ಸೊಸೆಯ ಮೇಲಿನ ಬೈಗುಳ ಅಂದಿಗೆ ನಿಂತಿತೋ ಇಲ್ಲವೋ ಎಂದು ಕೇಳಲು ನನಗೆ ಮುಖವಿರಲಿಲ್ಲ.

ಅಳೆದದ್ದಕ್ಕೆ ಸಹಿ ಹಾಕಿದರೆ ಪ್ರಯೋಗಾಲಯದ ಕೆಲಸ ಮುಗಿಯುವುದಿಲ್ಲ. ಏನನ್ನು ಅಳೆದಿಲ್ಲ ಎಂಬುದನ್ನೂ ಕೌಂಟರಿನ ಎದುರು ನಿಂತವರಿಗೆ ಹೇಳಬೇಕು; ಅವರು ಧೈರ್ಯವಾಗಿ ಮನೆಗೆ ಹೋಗುವುದು ನಮ್ಮ ಮಾತು ನಂಬಿಕೊಂಡು. ಇಪ್ಪತ್ತೆರಡು ವರ್ಷದ ಸೇವೆ ನನಗೆ ಇದನ್ನು ಕಲಿಸಿರಲಿಲ್ಲ.