ಹದಿನಾರನೇ ನಂಬರಿನ ಕಣ್ಣು

ನಮ್ಮ ಮನೆಯವರನ್ನು ಕಾರ್ಖಾನೆಯಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ದೊಡ್ಡವರು ಹದಿನಾರು ಅನ್ನುತ್ತಿದ್ದರು, ಚಿಕ್ಕವರು ಹದಿನಾರಣ್ಣ ಅನ್ನುತ್ತಿದ್ದರು. ಅದು ಅವರ ಪಂಚಿನ ನಂಬರು. ಉಕ್ಕಿನ ಟ್ಯಾಂಕು ತಯಾರಾದ ಮೇಲೆ ಅದರ ಬೆಸುಗೆ ಎಲ್ಲೂ ಸೋರುವುದಿಲ್ಲ ಎಂದು ಪರೀಕ್ಷೆ ಮಾಡಿ ಒಪ್ಪುವುದು ಅವರ ಕೆಲಸ. ಒಪ್ಪಿದರೆ ಬೆಸುಗೆಯ ಪಕ್ಕದಲ್ಲಿ ಪಂಚನ್ನಿಟ್ಟು ಸುತ್ತಿಗೆಯಿಂದ ಒಂದು ಏಟು. ಹದಿನಾರು ಎಂಬ ಅಂಕಿ ಉಕ್ಕಿನಲ್ಲಿ ಕೂತುಬಿಡುತ್ತಿತ್ತು. ಬಣ್ಣ ಬಳಿದರೂ ಹೋಗುವಂಥದ್ದಲ್ಲ.

ಪರೀಕ್ಷೆ ಎಂದರೆ ದೊಡ್ಡ ಯಂತ್ರವೇನಲ್ಲ. ಬೆಸುಗೆಯ ಹೊರಬದಿಗೆ ಸೀಮೆಸುಣ್ಣದ ನೀರು ಬಳಿದು ಒಣಗಿಸುವುದು. ಒಳಬದಿಗೆ ಸೀಮೆಎಣ್ಣೆ ಹಚ್ಚಿ ಒಂದು ಗಂಟೆ ಕಾಯುವುದು. ಬೆಸುಗೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಎಣ್ಣೆ ಈಚೆ ಬಂದು ಬಿಳಿಯ ಮೇಲೆ ಕಲೆ ಮೂಡುತ್ತದೆ. ಕಲೆ ಕಂಡಲ್ಲಿ ಇವರು ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಬೇಕು, ಬೆಸುಗೆಯವನು ಅಲ್ಲಿ ಉಜ್ಜಿ ಮತ್ತೆ ಬೆಸೆಯಬೇಕು. ಎಂಥ ನುರಿತ ಕೈಯಾದರೂ ಎಲ್ಲೋ ಒಂದು ಕಡೆ ಬಿಟ್ಟೇ ಬಿಡುತ್ತದೆ, ಅದರಲ್ಲಿ ಯಾರಿಗೂ ನಾಚಿಕೆ ಇಲ್ಲ. ಅದಕ್ಕೇ ಇನ್ನೊಬ್ಬರ ಕಣ್ಣು ಇಟ್ಟಿರುವುದು.

ಈ ಮನುಷ್ಯನ ಜೊತೆ ಬಾಳುವುದು ಸುಲಭವಾಗಿರಲಿಲ್ಲ. ಭಾನುವಾರದ ಭಕ್ತಿ ಎಲ್ಲರಿಗೂ ಇರುತ್ತದೆ, ಚರ್ಚಿನ ಸಭೆ ಮುಗಿದು ಚಪ್ಪಲಿ ಹಾಕಿಕೊಳ್ಳುವಾಗ ಅಲ್ಲೇ ಬಿಟ್ಟು ಬರುತ್ತೇವೆ. ಇವರು ಅದನ್ನು ಸೋಮವಾರ ಊಟದ ಡಬ್ಬಿಯ ಜೊತೆ ಕಾರ್ಖಾನೆಗೆ ಒಯ್ಯುತ್ತಿದ್ದರು. ಕೆಲಸಕ್ಕೆ ಮುಂಚೆ ಟೋಪಿ ತೆಗೆದು ಒಂದು ಕ್ಷಣ ನಿಲ್ಲುತ್ತಿದ್ದರು. ಯಾರೂ ಇಣುಕದ ಟ್ಯಾಂಕಿನ ಒಳಗನ್ನೂ ಟಾರ್ಚು ಹಿಡಿದು ನೋಡುತ್ತಿದ್ದರು. "ಪಾದ್ರಿಗಳು ಗರ್ಭಗುಡಿಗೆ ಇಳಿದ್ರಪ್ಪ" ಅಂತ ಜೊತೆಯವರು ಹುಡುಗಾಟ ಮಾಡಿದರೆ, ಟ್ಯಾಂಕಿನೊಳಗಿಂದಲೇ "ಒಳಗೆ ನೋಡೋನು ಒಬ್ಬ ಇದ್ದಾನಪ್ಪಾ" ಎಂದು ಉತ್ತರ ಬರುತ್ತಿತ್ತು. ಬೇಡದವರು ಬಾಗಿಲು ತಟ್ಟಿದಾಗ "ಅವರು ಮನೇಲಿಲ್ಲ" ಎಂದು ನಾನು ಹೇಳಿದರೆ, ಒಳಗಿಂದ ಕೆಮ್ಮಿ ನನ್ನ ಮಾನ ಕಳೆಯುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಒಳಗೊಳಗೇ ಹೆಮ್ಮೆಯೂ ಇತ್ತು, ಸುಳ್ಳೇಕೆ ಹೇಳಲಿ.

ಇಂಥವರಿಗೆ ಸುಳ್ಳು ಕಲಿಸಿದವಳು ನಾನು.

ಮೂವತ್ತು ವರ್ಷ ಬೆಸುಗೆಯ ಬೆಂಕಿ ನೋಡಿ, ಆಮೇಲೆ ಪರೀಕ್ಷೆಯ ಕೆಲಸಕ್ಕೆ ಬಂದವರು. ಎರಡು ವರ್ಷದ ಹಿಂದೆ ಕಣ್ಣಿಗೆ ಮಂಜು ಕವಿಯತೊಡಗಿತು. ದೂರದ ಆಸ್ಪತ್ರೆಯಲ್ಲಿ ಗುಟ್ಟಾಗಿ ತೋರಿಸಿದೆವು. ಇದು ಕತ್ತರಿಸಿ ತೆಗೆಯುವ ಪೊರೆಯಲ್ಲ, ಹಿಂದಿನ ನರವೇ ಹೋಗುತ್ತಿದೆ, ಏನೂ ಮಾಡಲಾಗದು ಎಂದರು. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ನಾವಿರುವ ಎರಡು ಕೋಣೆ ಕಾರ್ಖಾನೆಯದು. ಒಳಕೋಣೆಯಲ್ಲಿ ಅತ್ತೆ, ನಾಲ್ಕು ವರ್ಷದಿಂದ ಹಾಸಿಗೆ ಹಿಡಿದವರು. ಕೆಲಸ ಹೋದರೆ ಅವರನ್ನು ಹಾಸಿಗೆ ಸಮೇತ ಎತ್ತಿಕೊಂಡು ಯಾವ ಬೀದಿಗೆ ಹೋಗುವುದು?

ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ಡಾಕ್ಟರು ಬಂದು ಕಣ್ಣು ಪರೀಕ್ಷೆ ಮಾಡುತ್ತಿದ್ದರು. ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ಅಂಕಿಗಳ ಹಾಳೆಯೊಂದು ನೇತಾಡುತ್ತಿತ್ತು. ಮೇಲೆ ದಪ್ಪ ಅಂಕಿ, ಕೆಳಗೆ ಬರುತ್ತ ಸಣ್ಣವು. ಯಾವ ಕಾಲದ ಹಾಳೆಯೋ, ಯಾರೂ ಬದಲಾಯಿಸಿದವರಿಲ್ಲ. ಒಂದು ಮಧ್ಯಾಹ್ನ ಡಬ್ಬಿ ಕೊಡುವ ನೆವದಲ್ಲಿ ಹೋದವಳು, ಸಭೆಯ ವಾರದ ಹಾಳೆಯ ಹಿಂಬದಿಯಲ್ಲಿ ಅಷ್ಟನ್ನೂ ಬರೆದುಕೊಂಡು ಬಂದೆ.

"ಬೇಡ ಕಣೇ" ಎಂದರು.

"ಯಾರ ದುಡ್ಡಾದ್ರೂ ಕದೀತಿದೀವಾ? ನಿಮ್ಮ ಕೆಲಸ ನೀವು ಮಾಡ್ತೀರ. ಬೆರಳಲ್ಲೇ ಬೆಸುಗೆ ಓದೋರು ನೀವು" ಎಂದೆ.

ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತ, ಮಗುವಿಗೆ ಮಗ್ಗಿ ಹೇಳಿಕೊಡುವಂತೆ ಹೇಳಿಕೊಟ್ಟೆ. ಮೂರು. ಎಂಟು, ಐದು. ಎರಡು, ಆರು, ಒಂಬತ್ತು. ತಪ್ಪಿದರೆ ಮತ್ತೆ ಮೊದಲಿಂದ. ಒಳಗೆ ಮಲಗಿದ್ದ ಅತ್ತೆಗೂ ಬಾಯಿಪಾಠವಾಯಿತು. ಯಾರ ಗುರುತೂ ಹತ್ತದ ಮುದುಕಿ ದಿನವಿಡೀ ಅವನ್ನೇ ಗೊಣಗುತ್ತಿದ್ದರು. ನಾವಿಬ್ಬರೂ ನಕ್ಕದ್ದೂ ಉಂಟು. ಡಾಕ್ಟರು ಎರಡು ವರ್ಷವೂ "ಭೇಷ್, ಹದ್ದಿನ ಕಣ್ಣು" ಎಂದು ಬರೆದುಕೊಟ್ಟರು.

ಕೆಲಸವೂ ನಡೆದಿತ್ತು. ಬೆಳಕಿನ ಎದುರು ಮುಖವಿಟ್ಟು, ಬೆರಳ ತುದಿಯಿಂದ ಸುಣ್ಣ ತಡವಿ, ಮೂಗು ಹಚ್ಚಿ ಸೀಮೆಎಣ್ಣೆಯ ವಾಸನೆ ಹಿಡಿದು ಬಿರುಕು ಹುಡುಕುತ್ತಿದ್ದರು. ಎಷ್ಟೋ ಟ್ಯಾಂಕುಗಳು ಹಾಗೇ ದಾಟಿದವು. ಒಂದು ದಾಟಲಿಲ್ಲ. ಆ ವಾರ ಅವರಿಗೆ ನೆಗಡಿಯಾಗಿತ್ತು, ಮೂಗು ಕಟ್ಟಿತ್ತು. ಅಷ್ಟೇ. ಒಂದು ನೆಗಡಿ.

ಅದು ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ಕೋಣೆಯ ಬಿಸಿನೀರಿನ ಟ್ಯಾಂಕು. ಎಂಟು ತಿಂಗಳ ಮೇಲೆ ಬೆಸುಗೆ ಬಾಯಿಬಿಟ್ಟಿತು. ಕೆಳಗೆ ಬಟ್ಟೆ ಹಿಂಡುತ್ತಿದ್ದ ಹೆಂಗಸಿಗೆ ಭುಜದಿಂದ ಬೆರಳವರೆಗೆ ಸುಟ್ಟಿತು. ಜೀವ ಉಳಿಯಿತು, ಬಲಗೈ ಮೇಲೇಳುವುದಿಲ್ಲ ಎಂದರು. ಬಿರಿದ ಜಾಗದ ಪಕ್ಕದಲ್ಲೇ ಹದಿನಾರು ಎಂದು ಒತ್ತಿತ್ತು.

ಆ ಬೆಸುಗೆ ಹಾಕಿದವನು ಬೇರೆ ಯಾರೂ ಅಲ್ಲ, ನನ್ನ ಒಡಹುಟ್ಟಿದ ತಮ್ಮ. ಇವರೇ ಕೈಹಿಡಿದು ಕೆಲಸ ಕಲಿಸಿದವನು. ಮಾಲೀಕರು ಯೋಚಿಸಿದ್ದು ಹೀಗೆ: ಹದಿನಾರು ಸುಳ್ಳು ಗುರುತು ಒತ್ತುವ ಆಸಾಮಿಯಲ್ಲ. ಅವನ ಕಣ್ಣು ಹದ್ದಿನದು, ಡಾಕ್ಟರ ಕಾಗದವಿದೆ. ಅಂದ ಮೇಲೆ ಬೆಸೆದವನೇ ಬಿರುಕಿಗೆ ಮೇಣ ತುಂಬಿ, ಉಜ್ಜಿ, ಪರೀಕ್ಷೆಗೆ ಮೋಸ ಮಾಡಿರಬೇಕು. ತಮ್ಮನನ್ನು ಕೆಲಸದಿಂದ ನಿಲ್ಲಿಸಿದರು. ಸರ್ಕಾರದ ಅಧಿಕಾರಿ ಬಂದು ವಿಚಾರಣೆ ಮಾಡುತ್ತಾರೆ, ಮೋಸ ಸಾಬೀತಾದರೆ ಪೊಲೀಸಿಗೆ ಒಪ್ಪಿಸುತ್ತಾರೆ ಎಂದಾಯಿತು. ಇವರ ಇಷ್ಟು ವರ್ಷದ ಸತ್ಯವೇ ನನ್ನ ತಮ್ಮನ ಕುತ್ತಿಗೆಗೆ ಬಂದಿತ್ತು.

ಮಾಲೀಕರು ಮನೆಗೇ ಬಂದರು. ಕುರ್ಚಿಯ ತುದಿಯಲ್ಲಿ ಕೂತು, "ಹದಿನಾರು, ನೀನು ಸುಳ್ಳು ಹೇಳೋನಲ್ಲ, ನಾನೂ ಹೇಳಿಸೋಲ್ಲ. ಕಂಡಿದ್ದಷ್ಟೇ ಹೇಳು. ನೀನು ನೋಡಿದಾಗ ಸುಣ್ಣ ಹೇಗಿತ್ತು?" ಎಂದರು.

"ಬೆಳ್ಳಗಿತ್ತು."

"ಅಷ್ಟೇ ಸಾಕು" ಎಂದು ಎದ್ದು ಹೋದರು.

ನಾನು ಆ ಮಾತಿಗೆ ಜೋತುಬಿದ್ದೆ. ಹೇಳಲು ಈಗಲೂ ನಾಲಿಗೆ ಹಿಂಜರಿಯುತ್ತದೆ, ಆದರೂ ಹೇಳುತ್ತೇನೆ. "ಅವನಿಗೆ ಕೈ ಗಟ್ಟಿ ಇದೆ, ವಯಸ್ಸಿದೆ. ಎರಡು ಮೂರು ವರ್ಷ ಕಷ್ಟಪಟ್ಟು ಮತ್ತೆ ಎದ್ದು ನಿಲ್ತಾನೆ. ನಾವು ಬಿದ್ರೆ ಎತ್ತೋರಿಲ್ಲ. ನಿಮಗೆ ಬೆಳ್ಳಗೆ ಕಂಡಿದ್ದು ನಿಜ ತಾನೇ ರೀ? ನಿಜ ಹೇಳಿದ್ರೆ ಸುಳ್ಳು ಹೇಗಾಗುತ್ತೆ?" ಎಂದೆ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ತಮ್ಮನ ಬಗ್ಗೆ ಆಡಿದ ಮಾತು ಇದು.

ಅವರು ಎದ್ದು, ಸುಟ್ಟ ಹೆಂಗಸನ್ನು ನೋಡಿ ಬರುತ್ತೇನೆಂದು ಹಟ ಹಿಡಿದು, ಗೋಡೆ ಹಿಡಿದುಕೊಂಡೇ ಹೋಗಿ ಬಂದರು. ಬಂದು ಹೊಸ್ತಿಲ ಮೇಲೆ ಕೂತರು.

"ಟ್ಯಾಂಕ್ ಮಾಡೋ ಕಡೆಯಿಂದ ಬಂದೆ ಅಂದೆ. ಪಾಪ, ಬಯ್ಯಲಿಲ್ಲ. ದೇವರ ಇಷ್ಟ ಅಣ್ಣಾ, ಯಾರೇನು ಮಾಡೋಕಾಗುತ್ತೆ ಅಂದ್ಲು."

"ಒಳ್ಳೇ ಹೆಂಗಸು" ಎಂದೆ.

"ದೇವರ ಮೇಲೆ ಹಾಕಿದ್ಲು ಕಣೇ. ನನ್ನ ತಪ್ಪನ್ನ ಅವನ ಮೇಲೆ ಹಾಕಿದ್ಲು. ನಾನು ಕೇಳಿಸಿಕೊಂಡು ಸುಮ್ಮನೆ ಎದ್ದು ಬಂದೆ."

ಅಂದಿನಿಂದ ಊಟಕ್ಕೆ ಮುಂಚೆ ಪ್ರಾರ್ಥನೆ ನಿಂತುಹೋಯಿತು. ನೀವೇ ಶುರು ಮಾಡಿ ಎಂದು ಕಣ್ಣು ಮುಚ್ಚಿ ಕಾದೆ. ಬಹಳ ಹೊತ್ತಾದ ಮೇಲೆ, "ಬಾಯಿ ತೆರೆದ್ರೆ ಅಂಕಿಗಳೇ ಬರ್ತವೆ" ಎಂದು ಕೈ ತೊಳೆದುಕೊಂಡು ಎದ್ದರು. ಒಳಕೋಣೆಯಲ್ಲಿ ಅತ್ತೆ, ಎಂಟು, ಐದು, ಎನ್ನುತ್ತಿದ್ದರು. ಮುದುಕಿಯ ಬಾಯಿಗೆ ಬಟ್ಟೆ ತುರುಕಬೇಕೆನಿಸಿತು ನನಗೆ. ಅಷ್ಟು ಕೆಟ್ಟವಳಾಗಿದ್ದೆ.

ವಿಚಾರಣೆಯ ಹಿಂದಿನ ಸಂಜೆ ತಮ್ಮ ಬಂದ. ಗಡ್ಡ ಬೆಳೆದಿತ್ತು, ಕಣ್ಣುಗಳು ಒಳಗೆ ಹೋಗಿದ್ದವು. ಬಾಗಿಲಲ್ಲೇ ನಿಂತು, "ಅಕ್ಕಾ, ಭಾವ ಇದ್ದಾರಾ?" ಎಂದ.

"ಇಲ್ಲ, ಹೊರಗೆ ಹೋಗಿದ್ದಾರೆ" ಎಂದೆ.

ಒಳಗಿಂದ ಕೆಮ್ಮು ಬರಬೇಕಿತ್ತು. ಬರಲಿಲ್ಲ. ಗೋಡೆಯಾಚೆ ಕೂತು ಕೇಳಿಸಿಕೊಳ್ಳುತ್ತಿದ್ದರೂ ಕೆಮ್ಮಲಿಲ್ಲ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು. ಇಷ್ಟು ವರ್ಷ ಯಾವುದಕ್ಕೆ ಗೊಣಗುತ್ತಿದ್ದೆನೋ ಅದು ಮನೆ ಬಿಟ್ಟು ಹೋದಂತಿತ್ತು.

"ನಾನು ಮೇಣ ತುಂಬಲಿಲ್ಲ ಅಕ್ಕಾ. ಮಕ್ಕಳ ತಲೆ ಮುಟ್ಟಿ ಹೇಳ್ತೀನಿ. ಭಾವನಿಗೆ ನನ್ನ ಕೈ ಗೊತ್ತು. ಅವನ ಕೈ ಅಂಥದ್ದಲ್ಲ ಅಂತ ಅವರು ಒಂದು ಮಾತು ಹೇಳಿದ್ರೆ ಸಾಕು, ಅವರ ಮಾತನ್ನ ಎಲ್ಲರೂ ನಂಬ್ತಾರೆ" ಎಂದ. ಹೇಳ್ತೀನಿ ಎಂದೆ. ಅವನು ಹೋದ ಮೇಲೆ ಬಾಗಿಲಿಗೆ ಒರಗಿ ಕೂತುಬಿಟ್ಟೆ.

ಮರುದಿನ ಬೆಳಿಗ್ಗೆ ನಾನೇ ಅವರ ಕೈ ಹಿಡಿದು ಕಾರ್ಖಾನೆಗೆ ಕರೆದೊಯ್ದೆ. ಜ್ವರ, ತಲೆಸುತ್ತು ಎಂದು ಕಾವಲುಗಾರನಿಗೆ ಇನ್ನೊಂದು ಸುಳ್ಳು ಹೇಳಿದೆ. ಕಚೇರಿ ಚಿಕ್ಕದೆಂದು ಪ್ರಥಮ ಚಿಕಿತ್ಸೆಯ ಕೋಣೆಯಲ್ಲೇ ಮೇಜು ಹಾಕಿದ್ದರು. ಹಿಂದೆ ಅಧಿಕಾರಿ, ಮಾಲೀಕರು, ಬರೆದುಕೊಳ್ಳಲು ಒಬ್ಬ ಗುಮಾಸ್ತ. ಎದುರು ಬೆಂಚಿನಲ್ಲಿ ತಮ್ಮ. ಗೋಡೆಯ ಮೇಲೆ ಆ ಹಾಳೆ ನೇತಾಡುತ್ತಲೇ ಇತ್ತು. ಇವರನ್ನು ಬಾಗಿಲ ಹತ್ತಿರದ ಕುರ್ಚಿಗೆ ಕೂರಿಸಿ, ನಾನು ಸದ್ದಿಲ್ಲದೆ ಕಿಟಕಿಯ ಕಡೆ ಸರಿದೆ.

"ಪರೀಕ್ಷೆ ಮಾಡಿದಾಗ ಏನು ಕಂಡಿರಿ?" ಎಂದರು ಅಧಿಕಾರಿ.

"ಬೆಳ್ಳಗಿತ್ತು ಸ್ವಾಮಿ."

ಗುಮಾಸ್ತ ಬರೆದುಕೊಂಡ. ಮಾಲೀಕರು ಕುರ್ಚಿಗೆ ಒರಗಿದರು. ತಮ್ಮ ತಲೆ ತಗ್ಗಿಸಿದ. ನನ್ನ ಎದೆಯ ಭಾರ ಇಳಿದದ್ದು ಸುಳ್ಳಲ್ಲ. ಮನೆ ಉಳಿಯಿತು ಎಂದುಕೊಂಡೆ. ಮರುಕ್ಷಣ ತಮ್ಮನ ತಗ್ಗಿದ ಕತ್ತು ಕಂಡು, ಸತ್ತಾದರೂ ಹೋಗಬಾರದೇ ಎನಿಸಿತು.

"ಹಾಗಾದ್ರೆ ಬಿರುಕನ್ನ ಮುಚ್ಚಿದ್ದರು ಅನ್ನಿ" ಎಂದರು ಅಧಿಕಾರಿ.

ಇವರು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. ಕೆಲಸಕ್ಕೆ ಮುಂಚೆ ತೆಗೆಯುತ್ತಿದ್ದರಲ್ಲ, ಹಾಗೆ.

"ಸ್ವಾಮಿ, ಬೆಳ್ಳಗಿತ್ತು ಅಂದೆ, ಅದು ಪೂರ್ತಿ ಮಾತಲ್ಲ. ನನಗೆ ಎರಡು ವರ್ಷದಿಂದ ಎಲ್ಲದರ ಮೇಲೂ ಬಿಳಿ ಕಾಣುತ್ತೆ. ಈ ಮೇಜಿನ ಮೇಲೂ ಇದೆ, ನಿಮ್ಮ ಮುಖದ ಮೇಲೂ ಇದೆ. ಕಲೆ ಮೂಡಿರುತ್ತೆ, ನನಗೆ ಕಂಡಿಲ್ಲ. ಆ ಹುಡುಗ ಏನೂ ಮುಚ್ಚಿಲ್ಲ, ಮುಚ್ಚಿದೋನು ನಾನು."

ಮಾಲೀಕರು ತಟ್ಟನೆ, "ಭಾಮೈದನನ್ನ ಉಳಿಸೋಕೆ ಹೀಗೆ ಹೇಳ್ತಿದ್ದಾನೆ ಸ್ವಾಮಿ. ನೋಡಿ, ಡಾಕ್ಟರ ಕಾಗದ. ಒಂದಂಕಿ ತಪ್ಪಿಲ್ಲ" ಎಂದು ಮುಂದಿಟ್ಟರು. ಅಧಿಕಾರಿ ಕಾಗದವನ್ನು ಎರಡು ಸಲ ಓದಿದರು. ಇವರು ಜೀವಮಾನದಲ್ಲಿ ಹೇಳಿದ ಅತಿ ದೊಡ್ಡ ಸತ್ಯವನ್ನು ಆ ಕೋಣೆಯಲ್ಲಿ ಯಾರೂ ನಂಬಲಿಲ್ಲ.

"ಆ ಗೋಡೆಯ ಹಾಳೆ ತಿರುವಿ ಹಾಕ್ಸಿ ಸ್ವಾಮಿ. ಹಿಂಬದಿ ಈಚೆ ಬರಲಿ" ಎಂದರು ಇವರು.

ಗುಮಾಸ್ತ ಎದ್ದು, ಅಂಕಿಗಳು ಗೋಡೆಯ ಕಡೆ ಹೋಗುವಂತೆ ತಿರುವಿದ. ಹಳದಿಗಟ್ಟಿದ ಖಾಲಿ ಬೆನ್ನು ಈಚೆ ಬಂತು. ಇವರು ಅದರ ಕಡೆ ಮುಖ ಮಾಡಿ ಓದತೊಡಗಿದರು.

"ಮೂರು. ಎಂಟು, ಐದು. ಎರಡು, ಆರು, ಒಂಬತ್ತು. ಐದು, ಮೂರು, ಎಂಟು, ನಾಲ್ಕು."

ಅಧಿಕಾರಿ ಎದ್ದು ಹೋಗಿ ಹಾಳೆಯ ಅಂಚು ಎತ್ತಿ ಒಂದೊಂದಾಗಿ ನೋಡುತ್ತ ಬಂದರು. ಅಡುಗೆಮನೆಯಲ್ಲಿ ನಾನು ಕಲಿಸಿದ ರಾಗವೇ ಅದು, ಸಾಲಿನ ಕೊನೆಯಲ್ಲಿ ಸ್ವಲ್ಪ ಎಳೆಯುವುದೂ ಸೇರಿ. ಕಡೆಯ ಸಾಲೂ ಮುಗಿಯಿತು. ಒಂದೂ ತಪ್ಪಲಿಲ್ಲ. ತಮ್ಮ ಬೆಂಚಿನಿಂದ ಅರ್ಧ ಎದ್ದು ಅವರ ಮುಖವನ್ನೇ ನೋಡುತ್ತಿದ್ದ.

ಅಧಿಕಾರಿ ಹಾಳೆ ಬಿಟ್ಟರು. "ಇದನ್ನ ನಿಮಗೆ ಕಲಿಸಿದ್ದು ಯಾರು?"

ಇವರು ಬಾಯಿ ಬಿಡಲಿಲ್ಲ. ಸುಳ್ಳು ಹೇಳುವುದಿಲ್ಲ, ನನ್ನ ಹೆಸರನ್ನೂ ಹೇಳುವುದಿಲ್ಲ. ಅಧಿಕಾರಿ ಮತ್ತೆ ಕೇಳಿದರು. ಆಗ ಇವರು, ನಾನು ಬಾಗಿಲಲ್ಲಿ ನಿಂತಿದ್ದೇನೆಂದುಕೊಂಡು, ಆ ಕಡೆ ತಿರುಗಿ, ಬೇಡ ಎನ್ನುವಂತೆ ಮೆಲ್ಲಗೆ ತಲೆಯಾಡಿಸಿದರು. ಬಾಗಿಲಲ್ಲಿ ಯಾರೂ ಇರಲಿಲ್ಲ. ನಾನು ಅವರ ಬೆನ್ನ ಹಿಂದೆ, ಕಿಟಕಿಯ ಬೆಳಕಿನಲ್ಲಿ ನಿಂತಿದ್ದೆ.

"ನಾನು ಕಲಿಸಿದ್ದು" ಎಂದೆ.

ಎಲ್ಲರೂ ತಿರುಗಿದರು. ಗುಮಾಸ್ತ ಪೆನ್ನು ಹಿಡಿದು, "ನೀವು ಯಾರಮ್ಮ?" ಎಂದ.

"ಇವರ ಹೆಂಡತಿ" ಎಂದೆ. ಅವನು ಬರೆದು ಮುಗಿಸುವವರೆಗೂ ಕಾದೆ. ಆಮೇಲೆ ಬೆಂಚಿನ ಕಡೆ ನೋಡುವ ಧೈರ್ಯ ಸಾಲದೆ, ನೆಲ ನೋಡುತ್ತ, "ಅವನ ಅಕ್ಕ" ಎಂದೆ.