ಮಗ್ಗ ನಿಂತ ದಿನ ಕೇಳಿದ್ದು

ರಬಕವಿಯಲ್ಲಿ ಕರೆಂಟೂ ನಿಶ್ಶಬ್ದವೂ ಒಟ್ಟಿಗೆ ಸಿಗುವುದು ಕಷ್ಟ. ಕರೆಂಟು ಇದ್ದರೆ ಓಣಿ ಓಣಿಯಲ್ಲೂ ಪವರ್‌ಲೂಮುಗಳು ಖಟಖಟ ಅನ್ನುತ್ತಿರುತ್ತವೆ. ಕರೆಂಟು ಹೋದರೆ ಊರು ತಣ್ಣಗಾಗುತ್ತದೆ, ಆದರೆ ನಮ್ಮ ಆಂಪ್ಲಿಫಯರೂ ಅದರ ಜೊತೆಗೇ ಕಣ್ಣು ಮುಚ್ಚುತ್ತದೆ. ಹೀಗಾಗಿ ನಾವು ಮೂವರು ಹಾಡು ಕೇಳುವುದಕ್ಕೆ ಆರಿಸಿಕೊಂಡಿದ್ದು ಅಮಾವಾಸ್ಯೆಯ ಬೆಳಿಗ್ಗೆ. ಅವತ್ತು ನೇಕಾರರು ಮಗ್ಗಕ್ಕೆ ಪೂಜೆ ಮಾಡಿ ಕೆಲಸ ಬಿಡುತ್ತಾರೆ. ಕರೆಂಟು ಇರುತ್ತದೆ, ಸದ್ದು ಇರುವುದಿಲ್ಲ.

ಜಮಖಂಡಿಯಲ್ಲಿ ನನ್ನ ನೆರೆಮನೆಯಾಕೆ ಇದನ್ನು ಬೇರೆಯೇ ತಿಳಿದಿದ್ದಳು. "ಅಕ್ಕೋರ, ಅಮಾಸಿ ಅಮಾಸಿಗೆ ರಬಕವಿಗೆ ಹೋಗಿ ಬಾಗಲಾ ಹಾಕ್ಕೊಂಡು ಏನ್ ಮಾಡ್ತೀರಿ?" ಎಂದು ಒಂದು ದಿನ ದನಿ ತಗ್ಗಿಸಿ ಕೇಳಿದಳು. ಜೀವಮಾನವೆಲ್ಲ ಗಣಿತ ಕಲಿಸಿ ನಿವೃತ್ತಳಾದವಳಿಗೆ ಈಗ ಮಾಟದ ಹುಚ್ಚು ಹಿಡಿದಿದೆ ಎಂದು ಅವಳ ಅನುಮಾನ. ನನಗೂ ಬಾಯಿ ಸುಮ್ಮನಿರುವುದಿಲ್ಲ. "ದೆವ್ವಾ ಬಿಡಸ್ತೀವಿ" ಅಂದೆ. ಆಮೇಲೆ ಬಹಳ ದಿನ ಅವಳು ನಮ್ಮ ಮನೆಯ ಮಜ್ಜಿಗೆ ಮುಟ್ಟಲಿಲ್ಲ.

ನಮ್ಮ ಬೈಠಕ್ಕು ನಡೆಯುತ್ತಿದ್ದದ್ದು ರಬಕವಿಯ ಒಬ್ಬ ಸೀರೆ ಸಾವಕಾರರ ಮನೆಯಲ್ಲಿ. ಎದೆಮಟ್ಟದ ಸ್ಪೀಕರ್ ಪೆಟ್ಟಿಗೆಗಳು, ಬಿಸಿಯಾದರೆ ಕೆಂಪಗೆ ಮಿನುಗುವ ವಾಲ್ವಿನ ಆಂಪ್ಲಿಫಯರು, ರೆಕಾರ್ಡು ತಿರುಗಿಸುವ ಟರ್ನ್‌ಟೇಬಲ್ಲು, ಅದು ಅಲುಗಬಾರದೆಂದು ಅದರ ಕೆಳಗೆ ಇಳಕಲ್ಲಿನ ಕೆಂಪು ಗ್ರಾನೈಟಿನ ಚಪ್ಪಡಿ. ಪುಣೆಯಿಂದ ಒಂದೊಂದೇ ತಂದು ಕೂಡಿಸಿದ ಸಾಮಾನು. ಇದನ್ನೆಲ್ಲ ನಡುಮನೆಯಲ್ಲಿ ಇಡಬೇಕೆಂದು ಅವರ ಆಸೆ. ಅವರ ಹೆಂಡತಿ ಒಪ್ಪಲಿಲ್ಲ. "ನಿಮ್ಮ ಪೆಟಗಿ ಇಲ್ಲೆ ಇಟ್ಟರ ಬಂದ ಮಂದಿ ಎಲ್ಲೆ ಕುಂಡ್ರಬೇಕು?" ಅಂದರಂತೆ. ಹಾಗಾಗಿ ಎಲ್ಲವೂ ಮೇಲಿನ ಸೀರೆಯ ಕೋಣೆಗೆ ಹೋಯಿತು. ಅಲ್ಲಿ ಗೋಡೆಗಳೇ ಕಾಣುತ್ತಿರಲಿಲ್ಲ. ನೆಲದಿಂದ ತೊಲೆಯವರೆಗೆ ಸೀರೆಯ ಗಂಟುಗಳು. ಉಳಿದ ಜಾಗದಲ್ಲಿ ಮೂರು ಕುರ್ಚಿ, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ.

ಆ ಕೋಣೆಗೆ ಒಂದು ವಾಸನೆ ಇತ್ತು. ಹೊಸ ಸೀರೆಯ ಗಂಜಿ, ಬಣ್ಣ, ಸ್ವಲ್ಪ ಡಾಂಬರು ಗುಳಿಗೆ. ಇವತ್ತಿಗೂ ಬಟ್ಟೆ ಅಂಗಡಿಯಲ್ಲಿ ಯಾರಾದರೂ ಹೊಸ ಸೀರೆಯ ಮಡಿಕೆ ಬಿಚ್ಚಿದರೆ ನನ್ನ ಕಿವಿಯಲ್ಲಿ ತಂಬೂರಿ ಶುರುವಾಗುತ್ತದೆ. ಆ ವಾಸನೆ ಈಗ ಆ ಮನೆಯಲ್ಲಿ ಇಲ್ಲ.

ಮೂರನೆಯವರು ಬೀಳಗಿ ಊರಿನವರು, ನಮ್ಮ ಬಾಯಲ್ಲಿ ಅವರ ಹೆಸರೇ 'ಬೀಳಗಿಯವರು'. ಬಸ್ ಡಿಪೋದಲ್ಲಿ ಮೇಲ್ವಿಚಾರಕರಾಗಿದ್ದು ನಿವೃತ್ತರಾದವರು. ಬಸ್ಸು ಗೇಟಿನೊಳಗೆ ಬರುವಾಗಲೇ ಅದರ ಸದ್ದು ಕೇಳಿ ಯಾವ ಬೇರಿಂಗು ಹೋಗಿದೆ ಎಂದು ಹೇಳುತ್ತಿದ್ದರಂತೆ. ಈ 'ಅಂತೆ'ಯನ್ನು ಹೆಚ್ಚಾಗಿ ಅವರೇ ಹೇಳಿದ್ದು. ಆದರೂ ನಾನು ನಂಬುತ್ತಿದ್ದೆ. ಆ ಮನುಷ್ಯನಿಗೆ ಹೊಲ ಮನೆ ಯಾವುದರ ಹೆಮ್ಮೆಯೂ ಇರಲಿಲ್ಲ; ಕಿವಿಯದೊಂದೇ. ಅವರ ಹತ್ತಿರ ಒಂದು ಸ್ಪೂಲ್ ಯಂತ್ರ ಇತ್ತು, ಎರಡು ದೊಡ್ಡ ಚಕ್ರದ ಮೇಲೆ ಟೇಪು ಓಡುವಂಥದ್ದು. ಎತ್ತಿದರೆ ನಡ ಮುರಿಯುವಷ್ಟು ಭಾರ. ಅದನ್ನು ಮಗುವಿನ ಹಾಗೆ ಕೌದಿಯಲ್ಲಿ ಸುತ್ತಿ ಟಂಟಂ ಆಟೋದಲ್ಲಿ ತರುತ್ತಿದ್ದರು.

ನಾನು ರೆಕಾರ್ಡಿನ ಕಡೆಯವಳು. ಜಮಖಂಡಿಯ ನಮ್ಮ ಮನೆಯ ಪಡಸಾಲೆಯಲ್ಲಿ ಅಪ್ಪ ರವಿವಾರ ಊಟದ ನಂತರ ರೆಕಾರ್ಡು ಹಚ್ಚುತ್ತಿದ್ದ. ಹಚ್ಚುವ ಮುಂಚೆ ಧೋತರದ ಚುಂಗಿನಿಂದ ಒರೆಸುತ್ತಿದ್ದ. ಮುಳ್ಳು ಇಳಿದ ಮೇಲೆ ಹಾಡು ಶುರುವಾಗುವ ಮುಂಚಿನ ಆ ಚಟಪಟ ಇದೆಯಲ್ಲ, ಅದು ಕೇಳಿದರೆ ನಾನು ಈಗಲೂ ಕಾಲು ಮಡಚಿ ಕೂರುತ್ತೇನೆ. ಟೇಪು ಅಂದರೆ ನನಗೆ ಮುಧೋಳದ ಶಾಲೆಗೆ ಬಸ್ಸಿನಲ್ಲಿ ಓಡಾಡುತ್ತಿದ್ದ ಕಾಲ, ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ದಿನವೆಲ್ಲ ಅಳುತ್ತಿದ್ದ ಕ್ಯಾಸೆಟ್ಟು. ಅದಕ್ಕೂ ಸ್ಪೂಲಿಗೂ ಅಜಗಜಾಂತರ ಎಂದು ಬೀಳಗಿಯವರು ಎಷ್ಟು ಸಲ ಹೇಳಿದರೂ ನಾನು ಪಟ್ಟು ಬಿಡುತ್ತಿರಲಿಲ್ಲ.

"ನಿಮ್ಮ ರೆಕಾರ್ಡ್ ಅಂದ್ರ ಭಜಿ ಕರದಂಗ ಸಪ್ಪಳ" ಅನ್ನುತ್ತಿದ್ದರು ಅವರು.

"ನಿಮ್ಮ ಟೇಪ್ ಅಂದ್ರ ಗ್ಯಾಸ್ ಸೋರಿದಂಗ" ಅನ್ನುತ್ತಿದ್ದೆ ನಾನು.

"ಇಬ್ರೂ ಬಾಯಿ ಮುಚ್ರಿ, ಚಹಾ ಆರತೈತಿ" ಅನ್ನುತ್ತಿದ್ದರು ಸಾವಕಾರರು. ಚಹಾ ಬಾಗಿಲ ಹೊರಗೆ ಬರುತ್ತಿತ್ತು. ಅವರ ಹೆಂಡತಿಗೆ ಒಳಗೆ ಪ್ರವೇಶ ಇರಲಿಲ್ಲ, ಬಳೆ ಸಪ್ಪಳ ಎಂಬ ಕಾರಣಕ್ಕೆ. ನಮ್ಮ ಮೊಬೈಲುಗಳಿಗೂ ಇರಲಿಲ್ಲ. ಅವನ್ನು ಮೆಟ್ಟಿಲ ಹತ್ತಿರದ ತಾಮ್ರದ ಕೊಡದಲ್ಲಿ ಹಾಕಿ ಮೇಲೆ ಹೋಗಬೇಕಿತ್ತು.

ಒಂದು ವರ್ಷ ಈ ಜಗಳ ಒಮ್ಮೆ ಮುಗಿಸಿಯೇ ಬಿಡೋಣ ಎಂದು ತೀರ್ಮಾನಿಸಿದೆವು. ಒಬ್ಬ ಹಳೆಯ ಗಾಯಕರ ಒಂದೇ ತೋಡಿ ರಾಗ ನನ್ನ ಹತ್ತಿರ ರೆಕಾರ್ಡಿನಲ್ಲಿತ್ತು, ಅವರ ಹತ್ತಿರ ಸ್ಪೂಲಿನಲ್ಲಿತ್ತು. ಒಂದೇ ಬೈಠಕ್ಕಿನಲ್ಲಿ ಅದನ್ನು ಇದನ್ನು ಬದಲಿಸಿದರೆ ಕಿವಿ ಗೊಂದಲಕ್ಕೆ ಬೀಳುತ್ತದೆ, ಒಂದೊಂದಕ್ಕೂ ಒಂದು ಪೂರ್ತಿ ಅಮಾವಾಸ್ಯೆ ಕೊಡಬೇಕು ಎಂದು ಬೀಳಗಿಯವರೇ ನಿಯಮ ಮಾಡಿದರು. ನಮಗೂ ಅದು ಬಹಳ ನ್ಯಾಯವಾಗಿ ಕಂಡಿತು.

ಮಹಾನವಮಿ ಅಮಾವಾಸ್ಯೆ ರೆಕಾರ್ಡಿಗೆ ಬಂತು. ಹಬ್ಬದ ಮಾಲು ತುಂಬಿ ಕೋಣೆಯಲ್ಲಿ ತಿರುಗಾಡಲು ಜಾಗ ಇರಲಿಲ್ಲ. ನಾನು ಅಡ್ಡಡ್ಡ ನುಸುಳಿ ಕುರ್ಚಿ ಹಿಡಿದೆ. ಅವತ್ತು ಹಾಡು ಹೇಗೆ ಬಂತೆಂದರೆ ಗಾಯಕರು ಎದುರಿಗೆ ಕೂತು ನಮ್ಮನ್ನೇ ನೋಡಿ ಹಾಡಿದ ಹಾಗೆ. ಮುಗಿದ ಮೇಲೆ ಬೀಳಗಿಯವರೂ ರೆಕಾರ್ಡಿನ ಕವರು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. "ಛಲೋ ಬಂತು" ಅಂದರು. "ನಂದೂ ಬರಲಿ, ತಡೀರಿ."

ಮುಂದಿನ ತಿಂಗಳೆಲ್ಲ ಅವರು ಮನೆಯಲ್ಲಿ ಯಂತ್ರದ ಮುಂದೆ ಕೂತು, ಸ್ಕ್ರೂಡ್ರೈವರ್ ಹಿಡಿದು, ತಮ್ಮ ಕಿವಿ ನೆಚ್ಚಿ ಅದನ್ನು ಹದ ಮಾಡಿದರು. ದೀಪಾವಳಿ ಅಮಾವಾಸ್ಯೆಯ ಬೆಳಿಗ್ಗೆ, ಅಂಗಡಿಯ ಲಕ್ಷ್ಮೀಪೂಜೆ ಸಂಜೆಗೆ ಎಂದುಕೊಂಡು, ನಾವು ಮತ್ತೆ ಸೇರಿದೆವು. ಮಾಲೆಲ್ಲ ಹಬ್ಬಕ್ಕೆ ಹೋಗಿ ಕೋಣೆ ಬಯಲಾಗಿತ್ತು. ನಾವು ಮೂವರೂ ಕಾಲು ಚಾಚಿ, "ಈಗ ನೋಡ್ರಿ ಹಾಯ್ ಅನಸ್ತು" ಎಂದು ಖುಷಿಪಟ್ಟೆವು. ನಾವು ಜಾಣರು ನೋಡಿ!

ಟೇಪು ಓಡಿತು. ದನಿ ಗೋಡೆಗೆ ಬಡಿದು ಬಡಿದು ಬಂತು. ತಾನ್‌ಗಳು ಕಿವಿಗೆ ಚುಚ್ಚಿದವು. ನನ್ನ ನಾಲಿಗೆಗೆ ಎಲುಬಿಲ್ಲ. "ಮುಸುರಿ ಭಾಂಡೆ ತಿಕ್ಕಿದಂಗ ಆತಲ್ರೀ" ಅಂದೆ.

ಸಾವಕಾರರೂ ಮೆಲ್ಲಗೆ, "ಸ್ವಲ್ಪ ಚುಚ್ಚತೈತಿ" ಅಂದರು.

ಬೀಳಗಿಯವರು ಜಗಳಕ್ಕೆ ಬರಲಿಲ್ಲ. "ನಿಮಗೂ ಹಂಗ ಕೇಳ್ತೇನು?" ಎಂದಷ್ಟೇ ಕೇಳಿ, ಯಂತ್ರ ಆರಿಸಿ, ಕೌದಿಯನ್ನು ಬಹಳ ಹೊತ್ತು ಹಿಡಿದು ಸುತ್ತಿದರು. ಫರಾಳದ ಚಕ್ಕಲಿ, ಉಂಡಿಯ ತಟ್ಟೆಯನ್ನೂ ಮುಟ್ಟದೆ ಹೊರಟರು.

ಮುಂದಿನ ತಿಂಗಳು ಛಟ್ಟಿ ಅಮಾವಾಸ್ಯೆಗೆ ಅವರು ಬರಲಿಲ್ಲ. ಸಾವಕಾರರ ಮನೆಯ ಮೆಟ್ಟಿಲ ಹತ್ತಿರವೇ ನಿಂತು ನಾನು ಫೋನು ಮಾಡಿದೆ.

"ಅಕ್ಕೋರ, ಮನ್ಯಾಗ ಅದು ಹಾಲಿನಂಗ ಕೇಳತಿತ್ತು" ಅಂದರು. "ಅಲ್ಲೆ ಭಾಂಡೆ ಆತು. ಅಂದ್ರ ಯಾವ ಕಿವೀಲೆ ನಾ ಅದನ್ನ ಹದಾ ಮಾಡೀನಿ, ಆ ಕಿವೀನ ಕೆಟ್ಟಾವ. ಟಿವಿ ಸಪ್ಪಳ ಜಾಸ್ತಿ ಇಡ್ತೀರಿ ಅಂತ ಸೊಸಿ ಹೇಳಾಕತ್ತು ಎಷ್ಟೋ ದಿನಾ ಆತು. ಖರೆ ಐತಿ. ಕೊಲ್ಹಾಪುರದಾಂವ ಒಬ್ಬಾಂವ ಮಷೀನ್ ಕೇಳ್ಯಾನ. ಮುಂದಿನ ತಿಂಗಳ ಎಳ್ಳ ಅಮಾಸಿ ಆದ ಮ್ಯಾಲ ಒಯ್ತಾನ."

ಹಲ್ಲು ಹೋದರೆ, ಕಣ್ಣು ಮಂಜಾದರೆ ಗೊಣಗುತ್ತೇವೆ, ಡಾಕ್ಟರ ಹತ್ತಿರ ಹೋಗುತ್ತೇವೆ. ಆದರೆ ಕಿವಿಯೇ ತಾನು ಅಂದುಕೊಂಡಿದ್ದ ಮನುಷ್ಯ ಅಷ್ಟು ಸಮಾಧಾನವಾಗಿ ಮಾತಾಡಿದ್ದು ಕೇಳಿ ನನಗೆ ಅಳು ಬಂತು. ಅಳು ಬಂದರೆ ನನಗೆ ಸಿಟ್ಟೂ ಬರುತ್ತದೆ. ಫೋನನ್ನು ಕೊಡಕ್ಕೆ ಎಸೆದು ಮೇಲೆ ಹೋದೆ.

"ಏನರೆ ಹಚ್ರಿ, ಬ್ಯಾಸರಾತು" ಅಂದರು ಸಾವಕಾರರು. ಅದೇ ತೋಡಿಯ ರೆಕಾರ್ಡು ಹಚ್ಚಿದೆ. ನನ್ನ ರೆಕಾರ್ಡೂ ಭಾಂಡೆ ತಿಕ್ಕತೊಡಗಿತು. ಮುಳ್ಳು ಒರೆಸಿದೆ, ಬೇರೆ ಮುಳ್ಳು ಹಾಕಿದೆ, ಸಾವಕಾರರ ವೈರುಗಳನ್ನು ಬೈದೆ. ಅವರು ತಲೆ ಕೆಟ್ಟು ಬಾಗಿಲ ಕಡೆ ತಿರುಗಿ "ಚಹಾ!" ಎಂದು ಕೂಗಿದರು. ಕೋಣೆಯೂ "ಹಾ" ಅಂದಿತು.

ಇಬ್ಬರೂ ಗೋಡೆ ನೋಡಿದೆವು. ಬೋಳು ಸುಣ್ಣದ ಗೋಡೆ. ಇಷ್ಟು ವರ್ಷ ಹೆಚ್ಚಿನ ಸದ್ದನ್ನೆಲ್ಲ ನುಂಗಿಕೊಂಡು ನಮಗೆ ಮೆತ್ತನೆಯ ಹಾಡು ಕೊಟ್ಟದ್ದು ಆ ಗಂಟುಗಳು. ರೆಕಾರ್ಡು ಕೇಳಿದ್ದು ತುಂಬಿದ ಕೋಣೆಯಲ್ಲಿ, ಟೇಪು ಕೇಳಿದ್ದು ಖಾಲಿ ಕೋಣೆಯಲ್ಲಿ. ಸಾವಕಾರರು ಕುರ್ಚಿಯಲ್ಲಿ ಕುಸಿದು, "ಅಂದ್ರ ಇಷ್ಟ ದಿನಾ ನಾವು ಸೀರಿ ಕೇಳಾಕತ್ತಿದ್ವಿ ಏನ್ರಿ?" ಅಂದರು.

ಕೂಡಲೇ ಬೀಳಗಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವರು ನಂಬಲಿಲ್ಲ. "ನನಗ ಕೆಟ್ಟ ಅನಸಬಾರ್ದಂತ ಹೇಳಾಕತ್ತೀರಿ ಅಕ್ಕೋರ. ಇರಲಿ ಬಿಡ್ರಿ" ಅಂದರು. ಅವರು ತಾವೇ ಕೇಳಬೇಕು, ಬೇರೆ ದಾರಿ ಇರಲಿಲ್ಲ. ಕೇಳಿಸಲು ಕೋಣೆ ತುಂಬಬೇಕು. ಆದರೆ ಮಾಲು ಎಲ್ಲಿದೆ? ಈಗ ಗಿರಾಕಿಗಳು ಮೊಬೈಲಿನಲ್ಲಿ ಚಿತ್ರ ನೋಡಿ ಸೀರೆಗೆ ಆರ್ಡರು ಹೇಳುತ್ತಾರೆ, ಅದು ಮಗ್ಗದಿಂದ ಇಳಿದು ನೇರ ಪಾರ್ಸಲ್ಲಿಗೆ ಹೋಗುತ್ತದೆ. "ಇನ್ನ ಆ ಖೋಲಿ ಮೊದಲಿನಂಗ ತುಂಬೂದಿಲ್ರಿ" ಅಂದರು ಸಾವಕಾರರು. ಅದನ್ನು ಅವರು ಬಾಯಿಬಿಟ್ಟು ಹೇಳಿದ್ದು ಅವತ್ತೇ ಮೊದಲು.

ಆಗ ನನಗೆ ಬೀಳಗಿಯವರ ಯಂತ್ರದ ಕೌದಿ ನೆನಪಾಯಿತು. ಹೊಸ ಸೀರೆ ಇಲ್ಲದಿದ್ದರೇನು, ಹಳೆಯ ಸೀರೆಗಳನ್ನು ಪದರ ಪದರ ಇಟ್ಟು ಹೊಲಿದದ್ದೇ ಅಲ್ಲವೇ ಕೌದಿ? ಈ ಓಣಿಯಲ್ಲಿ ಕೌದಿ ಇಲ್ಲದ ಮನೆ ಯಾವುದು? ಚಹಾ ತಂದು ಹೊಸ್ತಿಲ ಹೊರಗೆ ನಿಂತಿದ್ದ ಸಾವಕಾರರ ಹೆಂಡತಿಗೆ ಕೇಳಿದೆ. ಕೂಡಿಸಿ ಕೊಡುತ್ತೇನೆ ಅಂದರು, ಒಂದು ಷರತ್ತು ಹಾಕಿ. "ಕೌದಿ ಕೊಟ್ಟಾವ್ರು ಮ್ಯಾಲ ಬಂದು ಕುಂಡ್ರತಾರ. ನಾನೂ ಕುಂಡ್ರತೇನಿ. ಬಳಿ ಸಪ್ಪಳ ಆದ್ರ ಆಗಲಿ."

ಎಳ್ಳ ಅಮಾವಾಸ್ಯೆಯ ಬೆಳಿಗ್ಗೆ ಚಳಿಯಲ್ಲಿ ಸಾವಕಾರರ ಜೀಪಿನಲ್ಲಿ ಬೀಳಗಿಗೆ ಹೋದೆವು. ಮನೆಮಂದಿ ಚರಗ ಚೆಲ್ಲಲು, ಅಂದರೆ ಬೆಳೆಗೆ ನೈವೇದ್ಯ ಹಾಕಲು, ಹೊಲಕ್ಕೆ ಹೊರಟಿದ್ದರು. "ಕೊಲ್ಹಾಪುರಕ್ಕ ಕೊಡೂಕಿಂತ ಮೊದಲ ಒಮ್ಮೆ ಹಚ್ರಿ, ನಮ್ಮ ಸಲುವಾಗಿ" ಅಂದೆ. ಬೀಳಗಿಯವರು ಒಳಗೆ ಹೋಗಿ ಯಂತ್ರ ಸುತ್ತಿಕೊಂಡು ಬಂದರು. ಅವರ ಹೆಂಡತಿ ಸಜ್ಜೆ ರೊಟ್ಟಿ, ಎಣ್ಣೆಗಾಯಿ ಕಟ್ಟಿಕೊಟ್ಟರು. ದಾರಿಯುದ್ದಕ್ಕೂ ಅಣೆಕಟ್ಟಿನ ಹಿನ್ನೀರಿನ ಕಡೆ ನೋಡುತ್ತ ಕೂತ ಮನುಷ್ಯ ನನ್ನ ಒಂದು ಚೇಷ್ಟೆಗೂ ನಗಲಿಲ್ಲ.

ಕೋಣೆಯ ಬಾಗಿಲು ತೆರೆದಾಗ ಅವರು ಅಲ್ಲೇ ನಿಂತುಬಿಟ್ಟರು. ಮೊಳೆಗೊಂದು ಕೌದಿ. ಕೆಂಪು, ಹಸಿರು, ಚೌಕಡಿ, ತ್ಯಾಪೆ ಹಚ್ಚಿದ್ದು, ಅಂಚು ಬಿಚ್ಚಿದ್ದು. ಕೆಳಗೆ ಗೋಡೆಗೆ ಬೆನ್ನು ಹಚ್ಚಿ ಓಣಿಯ ಹೆಂಗಸರು, ತಂತಮ್ಮ ಕೌದಿಯ ಬುಡದಲ್ಲಿ. "ಇದು ನಮ್ಮವ್ವ ಹೊಲದದ್ದು", "ಇದು ನನ್ನ ಬಾಣಂತನದ್ದು" ಎಂದು ಪಿಸುಮಾತು. ಬೀಳಗಿಯವರು ಯಂತ್ರವನ್ನು ಇಟ್ಟು ಟೇಪು ಏರಿಸಿದರು.

ತೋಡಿ ಶುರುವಾಯಿತು. ಚುಚ್ಚಲಿಲ್ಲ. ಗೋಡೆಗೆ ಬಡಿಯಲಿಲ್ಲ. ದನಿ ತುಂಬಿಕೊಂಡು, ಮೆತ್ತಗೆ, ಕೋಣೆಯ ನಡುವೆ ಬಂದು ಕೂತಿತು. ರೆಕಾರ್ಡಿನ ಕಡೆಯವಳಾದ ನಾನೂ ಹೇಳುತ್ತೇನೆ, ಹಾಲೇ ಅದು. ಒಂದು ಬಳೆಯೂ ಸದ್ದು ಮಾಡಲಿಲ್ಲ. ನಾನು ಹಾಡು ಕೇಳುವುದು ಬಿಟ್ಟು ಅವರ ಮುಖವನ್ನೇ ನೋಡುತ್ತಿದ್ದೆ. ಕಣ್ಣು ಮುಚ್ಚಿದ್ದರು. ಹುಬ್ಬು ಗಂಟಾಯಿತು. ಎದ್ದು ಹೋಗಿ ಯಂತ್ರವನ್ನು ನಿಲ್ಲಿಸಿಯೇ ಬಿಟ್ಟರು.

ಮುಗಿಯಿತು ಅಂದುಕೊಂಡೆ. ಸಾವಕಾರರು ತಲೆ ತಗ್ಗಿಸಿದರು.

"ಎಡಗಡೆ ಗ್ವಾಡೀದು ಯಾವುದೋ ಒಂದು ಕೌದಿ ಭಾಳ ದಪ್ಪ ಐತಿ" ಅಂದರು ಬೀಳಗಿಯವರು. "ಹಾಡು ಬಲಕ್ಕ ಜಗ್ಗಾಕತ್ತೈತಿ."

ನಮಗೆ ಯಾರಿಗೂ ಏನೂ ಜಗ್ಗಿದ್ದು ಕೇಳಿರಲಿಲ್ಲ. ಸಾವಕಾರರು ಎದ್ದು ಎಡಗಡೆಯ ಕೌದಿಗಳನ್ನು ಒಂದೊಂದಾಗಿ ಎತ್ತಿ ನೋಡಿದರು. ಮೂಲೆಯದರ ಹಿಂದೆ ಇನ್ನೊಂದು ಕೌದಿ, ಮೊಳೆ ಸಾಲದೆ ಒಂದರ ಮೇಲೊಂದು ಹಾಕಿದ್ದು. ಅದನ್ನು ತೆಗೆದರು. ಅದರ ಒಡತಿ ಮುದುಕಿ, "ನನ್ನ ಕೌದಿ ಏನ್ ತಪ್ಪ ಮಾಡೇತಿ?" ಎಂದು ಜೋರು ಮಾಡಿದಳು. ಬೀಳಗಿಯವರು ಅದನ್ನು ಇಸಿದುಕೊಂಡು ತಮ್ಮ ತೊಡೆಯ ಮೇಲೆ ಹೊದ್ದು, ಟೇಪು ಮತ್ತೆ ಹಚ್ಚಿದರು. ದನಿ ಬಲದಿಂದ ಎದ್ದು ನಟ್ಟನಡುವೆ ಬಂತು. ಈಗ ನನಗೂ ತಿಳಿಯಿತು. ಅವರು ನನ್ನ ಕಡೆ ತಿರುಗಿದರು. ಕಣ್ಣು ತುಂಬಿದ್ದವು, ಮುಚ್ಚಿಡಲೂ ಇಲ್ಲ.

"ಅದಾವ್ರೀ ಅಕ್ಕೋರ" ಅಂದರು. "ಕಿವಿ ಅದಾವ."

ಆಗಲೇ ಕೆಳಗೆ ತಾಮ್ರದ ಕೊಡದೊಳಗೆ ಬೀಳಗಿಯವರ ಮೊಬೈಲು ಗಂಟೆ ಹೊಡೆದ ಹಾಗೆ ಬಾರಿಸತೊಡಗಿತು. ನಿಲ್ಲಲೇ ಇಲ್ಲ. ಸಾವಕಾರರ ಹೆಂಡತಿ ಹೋಗಿ ತಂದುಕೊಟ್ಟರು. ಕೊಲ್ಹಾಪುರದವನು, ಯಾವತ್ತು ಗಾಡಿ ತರಲಿ ಎಂದು ಕೇಳುತ್ತಿದ್ದ. ಬೀಳಗಿಯವರು ಟೇಪು ನಿಲ್ಲಿಸಲಿಲ್ಲ, ಸದ್ದನ್ನೂ ತಗ್ಗಿಸಲಿಲ್ಲ.

"ಬರಬ್ಯಾಡ್ರಿ" ಅಂದರು. "ಇಲ್ರೀ, ಕೊಡೂದಿಲ್ಲ. ನಾವಿನ್ನೂ ಕೇಳಾಕತ್ತೇವಿ."